ಬೆಚ್ಚಗಿಟ್ಟ ಬುಡ್ಡಿ

ತೀರಿಹೋದ ಮಗಳು ರಂಜನಾಳ ಕಾರ್ಯವೆಲ್ಲ ಮುಗಿದು ನೆಂಟರು ಒಬ್ಬೊಬ್ಬರಾಗಿ ಹೊರಟ ಮೇಲೆ ಜಲಜಮ್ಮ ಅಡುಗೆಮನೆಗೆ ಕಾಲಿಡಲಿಲ್ಲ. ನಡುಮನೆಯ ಗೋಡೆಗೆ ಒರಗಿ ಕೂತರೆ ಕೂತೇ ಇರುವಳು, ಮಲಗಿದರೆ ಮಲಗಿಯೇ ಇರುವಳು. ಗಂಡ ಕೃಷ್ಣಸ್ವಾಮಿ ತಾನೇ ಅನ್ನ ಬೇಯಿಸಿ, ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಅಮೃತಮ್ಮ ಕೊಟ್ಟ ಪಲ್ಯ ಬಡಿಸಿ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಕೈ ತೊಳೆಯುವಳು. ಸ್ನಾನಕ್ಕೆ ಏಳು ಎಂದರೆ, "ನೀರು ಕಾಯಿಸ್ಬೇಕಲ್ಲ" ಎನ್ನುವಳು. ಕಾಯಿಸಿಕೊಡ್ತೀನಿ ಎಂದರೆ, "ಬೇಡ ಬಿಡಿ" ಎನ್ನುವಳು. ಮಾತು ಅಲ್ಲಿಗೆ ನಿಲ್ಲುವುದು.

ದೂರವಾಣಿ ನಗರದ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದಾಗ, ರಾಮಮೂರ್ತಿ ನಗರದಲ್ಲಿ ಇನ್ನೂ ಅಲ್ಲಲ್ಲಿ ರಾಗಿ ಹೊಲ ಉಳಿದಿದ್ದ ಕಾಲಕ್ಕೆ, ಕೃಷ್ಣಸ್ವಾಮಿ ಈ ಸೈಟು ಕೊಂಡು ಮನೆ ಕಟ್ಟಿಸಿದ್ದ. ಸುತ್ತಮುತ್ತಲವರೆಲ್ಲ ಬಚ್ಚಲಿಗೆ ಗೀಸರ್ ಹಾಕಿಸುವಾಗ ಜಲಜಮ್ಮ ಮಾತ್ರ ಹಟ ಹಿಡಿದು ತಾಮ್ರದ ಹಂಡೆ ಕೂರಿಸಿ, ಅದರಡಿ ಸೌದೆ ಒಲೆ ಮಾಡಿಸಿದ್ದಳು. ಕರೆಂಟಿನಲ್ಲಿ ಕಾದ ನೀರು ಮೈಗೆ ಹತ್ತುವುದಿಲ್ಲ ಎಂಬುದು ಅವಳ ವಾದ. ಅಮೃತಮ್ಮನ ಗಂಡ ಹುಲಿಗೆಪ್ಪ ಕೊಪ್ಪಳದ ಕಡೆಯವನು, ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಕಟ್ಟಡಗಳಲ್ಲಿ ಮುರಿದುಬಿದ್ದ ಹಲಗೆ ಚೂರುಗಳನ್ನು ಸಂಜೆ ಹೊತ್ತು ತಂದು ಬಚ್ಚಲ ಹಿಂದೆ ಹಾಕುತ್ತಿದ್ದ. ಆ ರಾಶಿ ಈಗ ಬೆಳೆಯುತ್ತಲೇ ಇತ್ತು. ಒಲೆಯ ಬೂದಿ ಮಾತ್ರ ತಣ್ಣಗೆ, ಮೇಲೆ ಬೆಕ್ಕಿನ ಹೆಜ್ಜೆ ಮೂಡಿಸಿಕೊಂಡು ಬಿದ್ದಿತ್ತು.

ರಂಜನಾ ಒಬ್ಬಳೇ ಮಗಳು. ಕಣ್ಣಿಗೆ ಕಾಣದ ಜೀವಿಗಳ ವಿಷಯ ಓದಿ, ಇಂದಿರಾನಗರದಲ್ಲಿ ಒಂದು ಮನೆಯನ್ನೇ ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ಎರಡು ಸಾವಿರದ ಒಂದನೇ ಇಸವಿಯಲ್ಲಿ ಹೊರದೇಶದವರ ಹಡಗೊಂದರಲ್ಲಿ ಹಿಂದೂ ಮಹಾಸಾಗರಕ್ಕೆ ಹೋಗುವ ಅವಕಾಶ ಅವಳಿಗೆ ಸಿಕ್ಕಿತು. ಹಲಸೂರು ಕೆರೆ ಬಿಟ್ಟರೆ ದೊಡ್ಡ ನೀರು ನೋಡಿರದ ಹುಡುಗಿ. ಕಪ್ಪಗಾಗಿ, ಸೊರಗಿ, ಬಾಯಿ ತುಂಬ ಮಾತು ತುಂಬಿಕೊಂಡು ವಾಪಸು ಬಂದಳು.

"ಸಮುದ್ರದ ತಳದಲ್ಲಿ ಒಲೆ ಇದೆ ಕಣಮ್ಮ," ಎಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹೇಳಿದ್ದಳು.

"ಯಾರು ಹಚ್ತಾರೆ? ನಿಮ್ಮಜ್ಜಿನಾ?"

"ಭೂಮಿನೇ ಹಚ್ಕೊಳತ್ತೆ. ಬಿಸಿಲೇ ಹೋಗಲ್ಲ ಅಲ್ಲಿಗೆ, ಕತ್ತಲೆ ಅಂದ್ರೆ ಕತ್ತಲೆ. ನೆಲ ಬಿರುಕು ಬಿಟ್ಟು ಕಾದ ನೀರು ಮೇಲಕ್ಕೆ ಚಿಮ್ಮತ್ತೆ, ಕರೀ ಹೊಗೆ ಥರ. ನಮ್ಮ ಕುದಿಯೋ ನೀರಿಗಿಂತ ಮೂರು ಪಟ್ಟು ಬಿಸಿ, ಆದ್ರೂ ಕುದಿಯಲ್ಲ. ಮೇಲಿನ ನೀರಿನ ಭಾರ ಹಂಗೆ ಅದುಮಿರತ್ತೆ. ಆ ಹೊಗೆ ಬರೋ ಕಡೆ ಕಲ್ಲು ಚಿಮಣಿ ಥರ ಬೆಳೆದಿರತ್ತೆ. ಅದರ ಗೋಡೇಲಿ ಬ್ಯಾಕ್ಟೀರಿಯಾ ಇರ್ತವೆ. ಗಂಧಕ ತಿನ್ಕೊಂಡು. ನಿನ್ನ ಹಂಡೆ ನೀರಲ್ಲಿ ಬಿಟ್ರೆ ಅವಕ್ಕೆ ಚಳಿ ಆಗತ್ತೆ."

"ಹಂಗಾದ್ರೆ ನಿಮ್ಮಪ್ಪನ ವಂಶದವೇ," ಎಂದಿದ್ದಳು ಜಲಜಮ್ಮ. ಕೃಷ್ಣಸ್ವಾಮಿಗೆ ನೀರು ಎಷ್ಟು ಕಾದರೂ ಸಾಲದು.

ಹಡಗಿನ ಯಂತ್ರದ ಕೈ ಮುರಿದು ತಂದ ಚಿಮಣಿಯ ಒಂದು ಚೂರು ರಂಜನಾಳ ಪಾಲಿಗೆ ಬಂದಿತ್ತು. ಅದರಿಂದ ಅವಳು ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಗಾಳಿಯಾಡದ ಬುಡ್ಡಿಗಳಲ್ಲಿ, ಕೈ ಇಟ್ಟರೆ ಬೊಬ್ಬೆ ಏಳುವಷ್ಟು ಬಿಸಿಯಲ್ಲಿ ಬೆಳೆಸಿದಳು. ಹಳೇ ಬುಡ್ಡಿಯಿಂದ ಚೂರು ತೆಗೆದು ಹೊಸ ಬುಡ್ಡಿಗೆ ಹಾಕಬೇಕು, ಅಲ್ಲಿ ಬೆಳೆದ ಮೇಲೆ ಮತ್ತೊಂದಕ್ಕೆ. ಅಂಥದ್ದು ಬೇರೆ ಯಾರ ಬಳಿಯೂ ಇರಲಿಲ್ಲ. ಪ್ರಯೋಗಾಲಯದಿಂದ ಬರುವಾಗ ಅವಳ ಚೂಡಿದಾರವೆಲ್ಲ ಕೊಳೆತ ಮೊಟ್ಟೆಯ ವಾಸನೆ. "ಬೇರೆಯವರ ಮಕ್ಕಳು ಸೆಂಟು ಹಾಕ್ಕೊಂಡು ಬರ್ತಾರೆ. ನಿಂದ್ಯಾವ ಸೆಂಟೇ ಇದು?" ಎಂದು ಜಲಜಮ್ಮ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಜಲಜಮ್ಮನ ತವರು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಮಾಗಿಯ ಚಳಿಯಲ್ಲಿ ಎಳೇ ಹುಳುಗಳ ಕೋಣೆಗೆ ಕೆಂಡದ ಬಾಣಲೆ ಇಟ್ಟು, ಬಾಗಿಲಿಗೆ ಗೋಣಿ ಕಟ್ಟಿ, ಬಿಸಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೆನ್ನೆ ಒಡ್ಡಿ ನೋಡುವುದು ಅವಳಿಗೆ ಚಿಕ್ಕಂದಿನಿಂದ ಬಂದ ಕೆಲಸ. ಒಂದು ದಿನ ಕೆಂಡ ಆರಿದರೆ ಹುಳು ಮೇವು ಬಿಟ್ಟು ಮುದುಡಿಕೊಳ್ಳುತ್ತವೆ. ಮಗಳು ಹೇಳುವ ಸಮುದ್ರದ ಸಂಗತಿ ಪೂರ್ತಿ ಅರ್ಥವಾಗದಿದ್ದರೂ, ಅವಕ್ಕೆ ಬಿಸಿ ಬೇಕು ಎಂಬುದು ಮಾತ್ರ ಅವಳಿಗೆ ತಟ್ಟನೆ ಅರ್ಥವಾಗಿತ್ತು.

ಮಾರನೇ ವರ್ಷ ರಂಜನಾಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಚಿಕಿತ್ಸೆ ನಡೆಯುತ್ತಿದ್ದಷ್ಟು ದಿನವೂ ಅವಳಿಗೆ ಚಳಿ. ಏಪ್ರಿಲ್ ಬಿಸಿಲಲ್ಲೂ "ಚಳಿ ಅಮ್ಮ" ಎನ್ನುವಳು. ಜಲಜಮ್ಮ ತವರಿನ ಕರೀ ಕಂಬಳಿ ಹೊದಿಸಿ, ಬಿಸಿನೀರಿನ ಚೀಲ ಕಾಲಿಗಿಟ್ಟು, ಅಂಗಾಲು ತಿಕ್ಕುತ್ತ ಕೂರುವಳು. ಕೊನೆಗೆ ಶಿವಾಜಿನಗರದ ಕಡೆಯ ಆಸ್ಪತ್ರೆಯಲ್ಲಿ ಎ.ಸಿ. ಹಾಕಿದ ಗಾಜಿನ ರೂಮಿಗೆ ಸೇರಿಸಿದರು. ಕಂಬಳಿಯಿಂದ ಸೋಂಕು ತಗಲುತ್ತದೆ ಎಂದು ಅದನ್ನು ಒಳಗೆ ಬಿಡಲಿಲ್ಲ. ಜಲಜಮ್ಮ ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಕಾರ್ತಿಕದ ಒಂದು ಮಧ್ಯಾಹ್ನ ಮಗಳನ್ನು ಹೊರಗೆ ತಂದಾಗ ಕೆನ್ನೆ ಮುಟ್ಟಿದವಳು, "ಎಷ್ಟು ತಣ್ಣಗಿದಾಳೆ" ಎಂದಳು. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ದೊಡ್ಡದಾಗಿ ಅಳುವೂ ಬರಲಿಲ್ಲ.

ಆ ಬುಡ್ಡಿ ಮನೆಗೆ ಬಂದದ್ದು ರಂಜನಾ ಇನ್ನೂ ಓಡಾಡಿಕೊಂಡಿದ್ದಾಗಲೇ. ಅವಳ ಜೊತೆ ಕೆಲಸ ಮಾಡುವ ಚಿನ್ಮಯಿ ತಂದುಕೊಟ್ಟಿದ್ದಳು. ಇಂಜೆಕ್ಷನ್ ಬುಡ್ಡಿಯ ಹಾಗೆ ರಬ್ಬರ್ ಮುಚ್ಚಳ, ಅದರ ಮೇಲೆ ತಗಡಿನ ಬಿಗಿ. ಒಳಗೆ ತಿಳಿ ನೀರು, ತಳದಲ್ಲಿ ಚೂರು ಕಪ್ಪು ಹುಡಿ. ಜಲಜಮ್ಮ ಸ್ನಾನಕ್ಕೆ ಹೋಗಿದ್ದಾಗ ರಂಜನಾ ಅದನ್ನು ಅಪ್ಪನ ಕೈಗೆ ಕೊಟ್ಟಳು.

"ಅಪ್ಪಾ, ಲ್ಯಾಬಲ್ಲಿ ಏನಾದ್ರೂ ಎಡವಟ್ಟಾದ್ರೆ ಇಲ್ಲೊಂದು ಇರ್ಲಿ ಅಂತ. ಫ್ರಿಜ್ಜಲ್ಲೇ ಇರ್ಬೇಕು. ಈಚೆ ತೆಗೀಲೇ ಬಾರ್ದು."

"ಬಿಸಿ ಬೇಕು ಅಂತಿದ್ದೆ?"

"ಬೆಳೆಯೋಕೆ ಬಿಸಿ ಬೇಕು. ಸುಮ್ನೆ ಉಳ್ಕೊಳೋಕೆ ತಣ್ಣಗಿರ್ಬೇಕು. ಚಳಿಗೆ ಹಂಗೇ ಮಲಗ್ಬಿಡ್ತವೆ. ವರ್ಷಗಟ್ಲೆ ಇದ್ರೂ ಸಾಯಲ್ಲ. ಬೇಕಾದಾಗ ಎಬ್ಬಿಸ್ಕೋಬೋದು." ಆಮೇಲೆ ಬಚ್ಚಲ ಕಡೆ ನೋಡಿ ನಕ್ಕಿದ್ದಳು. "ಅಮ್ಮಂಗೆ ಹೇಳ್ಬೇಡ. ಹೇಳಿದ್ರೆ ಕಂಬಳಿ ಹೊದಿಸಿ ಒಲೆ ಪಕ್ಕ ಇಡ್ತಾಳೆ."

ಇವರದು ಮೊಟ್ಟೆ ತಿನ್ನದ ಮನೆ. ಫ್ರಿಜ್ಜಿನ ಬಾಗಿಲಿನ ಮೊಟ್ಟೆ ಗೂಡು ಯಾವಾಗಲೂ ಖಾಲಿ. ಕೃಷ್ಣಸ್ವಾಮಿ ಬುಡ್ಡಿಯನ್ನು ಅಲ್ಲಿ ನಿಲ್ಲಿಸಿದ್ದ. ಆಸ್ಪತ್ರೆಯ ಓಡಾಟದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಕಾರ್ಯ ಕಳೆದ ಕೆಲವು ದಿನಕ್ಕೆ ಕೃಷ್ಣಸ್ವಾಮಿ ಹಾಲಿಗೆಂದು ಫ್ರಿಜ್ಜು ತೆರೆದವನು, ಗೇಟಿನಲ್ಲಿ ಯಾರೋ ಕರೆದರೆಂದು ಬಾಗಿಲು ಹಾಗೇ ಬಿಟ್ಟು ಹೋದ. ವಾಪಸು ಬಂದಾಗ ಜಲಜಮ್ಮ ಫ್ರಿಜ್ಜಿನ ಮುಂದೆ ನೆಲದ ಮೇಲೆ ಕೂತಿದ್ದಳು. ಬುಡ್ಡಿ ಅವಳ ಅಂಗೈಯಲ್ಲಿತ್ತು. ಅದರ ಮೇಲೆ ಅಂಟಿಸಿದ ಕಾಗದದಲ್ಲಿ ಮಗಳ ಕೈಬರಹ.

"ಇದು ಅವಳ ಸಮುದ್ರದ್ದಲ್ವಾ?"

ಅವನು ಹೂಂ ಎಂದ.

"ಎಷ್ಟು ತಣ್ಣಗಿದೆ ನೋಡ್ರೀ. ಮಂಜುಗಡ್ಡೆ ಆಗಿದೆ." ಅವಳು ಬುಡ್ಡಿಯನ್ನು ಕೆನ್ನೆಗೊತ್ತಿಕೊಂಡಳು. "ಬಿಸೀಲಿ ಹುಟ್ಟಿದ್ದನ್ನ ತಂದು ಇಲ್ಲಿಟ್ಟಿದಾರಲ್ಲ. ಯಾರಿಗೂ ಒಂಚೂರು ಬುದ್ಧಿ ಬೇಡ್ವಾ?"

ಇಟ್ಟವನು ನಾನೇ, ಅಲ್ಲೇ ಇರಬೇಕಂತೆ ಎಂದು ಹೇಳಲು ಕೃಷ್ಣಸ್ವಾಮಿ ಬಾಯಿ ತೆರೆದ. ಅಷ್ಟರಲ್ಲಿ ಅವಳು ಎದ್ದಳು. ಗೋಡೆ ಹಿಡಿಯದೆ, ಯಾರ ಕೈಯೂ ಇಲ್ಲದೆ ಎದ್ದಳು. ಬಚ್ಚಲಿಗೆ ಹೋಗಿ ಒಲೆಯ ಬೂದಿ ಬಾಚಿ ತೆಗೆದು, ಹಿಂದಿನ ರಾಶಿಯಿಂದ ಹಲಗೆ ಚೂರು ಆಯ್ದುಕೊಂಡು ಬಂದು, ಊದುಕೊಳವೆ ಹುಡುಕಿ ಬೆಂಕಿ ಹಚ್ಚಿದಳು. ಹಂಡೆಯ ನೀರು ಕಾದ ಮೇಲೆ ಹಿತ್ತಾಳೆ ಚೊಂಬಿನಲ್ಲಿ ಬಿಸಿನೀರು ಹಿಡಿದು ಬುಡ್ಡಿಯನ್ನು ಅದರಲ್ಲಿ ಇಳಿಬಿಟ್ಟು, ಚೊಂಬನ್ನು ಒಲೆಯ ಬಾಯಿಯ ಪಕ್ಕ ಬಿಸಿ ಬೂದಿಯಲ್ಲಿ ಹೂತಳು. ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಈಚೆ ಬಂದು, "ನೀರು ಕಾದಿದೆ, ನೀವು ಸ್ನಾನ ಮಾಡಿ. ಆಮೇಲೆ ನಾನು ಮಾಡ್ತೀನಿ," ಎಂದಳು.

ಕೃಷ್ಣಸ್ವಾಮಿ ಸ್ನಾನ ಮಾಡಿದ. ಹೇಳಬೇಕಾದ ಮಾತು ಹಾಗೇ ಉಳಿಯಿತು. ಇವತ್ತು ಒಂದು ದಿನ ಇರಲಿ ಎಂದುಕೊಂಡ.

ಬೆಳಿಗ್ಗೆ ಎದ್ದೊಡನೆ ಜಲಜಮ್ಮ ಚೊಂಬು ಮುಟ್ಟಿ ನೋಡುವಳು. ಆರಿದ ನೀರು ಚೆಲ್ಲಿ ಹೊಸ ಬಿಸಿನೀರು ಹಾಕುವಳು. ಸಂಜೆಗೆ ಮತ್ತೊಮ್ಮೆ. ಒಲೆ ಉರಿದ ಮೇಲೆ ಸ್ನಾನ, ಸ್ನಾನವಾದ ಮೇಲೆ ದೇವರ ದೀಪ, ದೀಪವಾದ ಮೇಲೆ ಅಡುಗೆ. ಒಂದು ಕೆಲಸ ಇನ್ನೊಂದನ್ನು ಎಳೆದುಕೊಂಡು ಬರುತ್ತಿತ್ತು. ಉಪ್ಪು ಹೆಚ್ಚಾಗಿದ್ದರೂ ಕೃಷ್ಣಸ್ವಾಮಿ ಮಾತಾಡದೆ ಉಂಡ.

ಅಮೃತಮ್ಮ ಬಿಂದಿಗೆ ಹಿಡಿದು ನಲ್ಲಿಗೆ ಬಂದವಳು ಬಚ್ಚಲ ಕಿಂಡಿಯಲ್ಲಿ ಇಣುಕಿ ನೋಡಿದಳು.

"ಏನ್ರೀ ಅಕ್ಕಾರ, ಬಾಣಂತಿ ಕೂಸಿಗಿ ಕಾಯ್ಸಿದಂಗ ಕಾಯ್ಸಾಕತ್ತೀರಲ್ಲ, ಏನೈತ್ರೀ ಅದು?"

"ನಮ್ಮ ರಂಜನಾ ಸಮುದ್ರದ ಒಳಗಿಂದ ತಂದಿದ್ದು ಕಣೆ. ಜೀವ ಇದೆ ಅದಕ್ಕೆ. ಬಿಸಿ ಇರ್ಬೇಕು."

"ಹೌದೇನ್ರೀ? ಮತ್ತ ಬರೇ ಬೂದ್ಯಾಗ ಹುಗದ್ರ ಸಾಕೇನು? ಎಣ್ಣಿ ಹಚ್ಚಿ, ಸಾಂಬ್ರಾಣಿ ಹೊಗಿ ಹಾಕಿ, ತಲಿಗಿ ಕುಲಾಯಿ ಕಟ್ರೀ. ನೆಗಡಿ ಆದೀತು ಬಾಟ್ಲಿಗಿ!"

ಜಲಜಮ್ಮ ನಕ್ಕಳು. ಸಣ್ಣಗೆ, ಗಂಟಲಲ್ಲೇ. ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದ ಕೃಷ್ಣಸ್ವಾಮಿಗೆ ಆ ನಗು ಕೇಳಿಸಿತು. ಅವನು ಪೇಪರ್ ಮಡಿಸಿಟ್ಟ.

ಅವನೇನೂ ಮರೆತಿರಲಿಲ್ಲ. ಟೂಲ್ ರೂಮಿನಲ್ಲಿ ಬದುಕು ಕಳೆದವನು, ಹೇಳಿದ ಅಳತೆ ಹೇಳಿದಂತೆಯೇ ಇರಬೇಕು ಎಂಬುದು ಅವನಿಗೆ ರಕ್ತಗತ. ಒಂದು ದಿನ ರಾಮಮೂರ್ತಿ ನಗರದ ಮೆಡಿಕಲ್ ಶಾಪಿನವನನ್ನು ಕೇಳಿ, ಬಿಸಾಡಲು ಇಟ್ಟಿದ್ದ ಖಾಲಿ ಇಂಜೆಕ್ಷನ್ ಬುಡ್ಡಿ ಒಂದನ್ನು ತಂದ. ಅಳತೆ ಸರಿಯಾಗಿ ಹೊಂದುತ್ತಿತ್ತು. ನೀರು ತುಂಬಿ, ತಳಕ್ಕೆ ಚಿಟಿಕೆ ಇದ್ದಿಲು ಪುಡಿ ಹಾಕಿ, ಮಗಳ ಕಾಗದವನ್ನು ಹಬೆಗೆ ಹಿಡಿದು ಬಿಡಿಸಿ ಇದಕ್ಕೆ ಅಂಟಿಸಿದರೆ ಆಯಿತು. ನಿಜವಾದದ್ದನ್ನು ಫ್ರಿಜ್ಜಿನಲ್ಲಿ ತರಕಾರಿಯ ಕೆಳಗೆ ಅಡಗಿಸಿಡಬಹುದು. ಮಗಳದೂ ಉಳಿಯುತ್ತದೆ, ಇವಳೂ ಎದ್ದು ಓಡಾಡುತ್ತಾಳೆ. ಖಾಲಿ ಬುಡ್ಡಿ ಜೇಬಿನಲ್ಲಿಟ್ಟುಕೊಂಡು ಅವನು ಬಚ್ಚಲ ಬಾಗಿಲಿಗೆ ಬಂದ. ಜಲಜಮ್ಮ ಕುಕ್ಕರಗಾಲಲ್ಲಿ ಕೂತು, ಚೊಂಬಿನಿಂದ ಬುಡ್ಡಿ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. "ಇನ್ನೊಂಚೂರು ಇರು, ನೀರು ಕಾಯ್ತಾ ಇದೆ," ಎಂದು ಅದಕ್ಕೆ ಹೇಳುತ್ತಿದ್ದಳು. ರಂಜನಾಳನ್ನು ಚಿಕ್ಕವಳಿದ್ದಾಗ ಎಣ್ಣೆ ಹಚ್ಚಿ ಕೂರಿಸಿ ಇದೇ ಮಾತು ಹೇಳುತ್ತಿದ್ದಳು.

ಇದ್ದಿಲು ನೀರಿಗೆ ಅವಳು ಹಾಗೆ ಮಾತಾಡುವುದನ್ನು ದಿನಾ ನಿಂತು ನೋಡಲು ತನ್ನಿಂದ ಆಗುವುದಿಲ್ಲ ಎನ್ನಿಸಿತು ಅವನಿಗೆ. ಖಾಲಿ ಬುಡ್ಡಿಯನ್ನು ಕಾಂಪೌಂಡಿನ ಆಚೆಯ ಚರಂಡಿಗೆ ಎಸೆದುಬಂದ. ರಂಜನಾಳ ಲ್ಯಾಬಿನಲ್ಲಿ ಬೇರೆ ಬುಡ್ಡಿಗಳು ಇದ್ದೇ ಇರುತ್ತವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಲಜಮ್ಮ ಅವನನ್ನು ಕೂಗಿ ಕರೆದಳು. ಬುಡ್ಡಿಯನ್ನು ಬೆಳಕಿಗೆ ಹಿಡಿದಿದ್ದಳು. ತಿಳಿಯಾಗಿದ್ದ ನೀರಿಗೆ ತೆಳುವಾಗಿ ಗುಲಾಬಿ ಬಣ್ಣ ಬಂದಿತ್ತು.

"ಬಣ್ಣ ಬಂತು ನೋಡ್ರೀ! ಮೊದಲು ಬಿಳಿಚ್ಕೊಂಡಿತ್ತು. ಈಗ ನೋಡಿ, ಎಳೇ ಮಗೂನ ಕೆನ್ನೆ ಇದ್ದಂಗಿದೆ. ಬಿಸಿ ಹಿಡೀತು ಅಂತ ಅರ್ಥ."

ಬಣ್ಣದ ವಿಷಯ ಮಗಳು ಅವನಿಗೆ ಏನೂ ಹೇಳಿರಲಿಲ್ಲ. ಒಂದು ಕ್ಷಣ ಅವನಿಗೂ ಆಸೆ ಹುಟ್ಟಿತು. ಇಷ್ಟು ವರ್ಷ ಹುಳು ಸಾಕಿದ ಮನೆಯವಳು, ಅವಳ ಕೈಗೇ ಏನೋ ತಿಳಿದಿರಬೇಕು. ಓದಿದವರು ಹೇಳುವುದೆಲ್ಲ ಸರಿಯೇ ಆಗಿರಬೇಕೆಂದಿಲ್ಲವಲ್ಲ. ಅಂದು ಅವಳು ಅಕ್ಕಿ ಪಾಯಸ ಮಾಡಿ ಅಮೃತಮ್ಮನಿಗೂ ಒಂದು ಲೋಟ ಕೊಟ್ಟಳು.

ಯುಗಾದಿ ಹತ್ತಿರ ಬಂದಾಗ ಚಿನ್ಮಯಿ ಫೋನು ಮಾಡಿ, ಭಾನುವಾರ ಬರುತ್ತೇನೆ ಎಂದಳು. ಸ್ಕೂಟಿ ಗೇಟಿನ ಬಳಿ ನಿಲ್ಲಿಸಿ ಒಳಗೆ ಬಂದವಳು ರಂಜನಾಳ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಕುರ್ಚಿಯ ಅಂಚಿನಲ್ಲಿ ಕೂತಳು. ಜಲಜಮ್ಮ ಕಾಫಿ ತಂದುಕೊಟ್ಟಳು.

"ಸೊರಗಿದೀಯ ಕಣೆ. ಊಟ ಮಾಡ್ತೀಯೋ ಇಲ್ವೋ?"

"ಮಾಡ್ತೀನಿ ಆಂಟಿ. ಲ್ಯಾಬು ದೊಮ್ಮಲೂರಿಗೆ ಶಿಫ್ಟ್ ಆಯ್ತಲ್ಲ, ಅದೇ ಓಡಾಟ." ಚಿನ್ಮಯಿ ಲೋಟವನ್ನು ಕೈಯಲ್ಲಿ ತಿರುಗಿಸಿದಳು. "ಸಾಗಿಸುವಾಗ ಒಂದು ಅನಾಹುತ ಆಗೋಯ್ತು ಅಂಕಲ್. ಬಿಸಿಯಲ್ಲಿದ್ದ ಬುಡ್ಡಿಗಳಿಗೆಲ್ಲ ಗಾಳಿ ಹೊಕ್ಕುಬಿಡ್ತು. ರಂಜನಾದು ಒಂದೂ ಉಳೀಲಿಲ್ಲ. ಫ್ರೀಜರಲ್ಲಿ ಇಟ್ಟಿದ್ದನ್ನ ಎಬ್ಬಿಸಿ ನೋಡಿದ್ವಿ, ಅದೂ ಏಳ್ಲಿಲ್ಲ."

"ಆ ಹಡಗಿನವರ ಹತ್ರ ಇರತ್ತಲ್ಲಮ್ಮ?" ಎಂದ ಕೃಷ್ಣಸ್ವಾಮಿ.

"ಅವ್ರ ಹತ್ರ ಬೇರೆ ಬೇರೆ ಕಲ್ಲಿದೆ ಅಂಕಲ್. ಈ ಜಾತಿ ಬಂದಿದ್ದು ರಂಜನಾ ಚೂರಲ್ಲಿ ಮಾತ್ರ. ನಾವೆಲ್ಲ ಒಂದು ಮಾತಾಡ್ಕೊಂಡಿದ್ವಿ. ಹೊಸ ಜಾತಿ ಸಿಕ್ಕಿದ್ರೆ ಅದಕ್ಕೊಂದು ಹೆಸರಿಡ್ತಾರೆ. ಪ್ರಪಂಚದಲ್ಲೆಲ್ಲ ಅದೇ ಹೆಸರಲ್ಲಿ ಕರೀತಾರೆ. ಅದರಲ್ಲಿ ರಂಜನಾ ಹೆಸರು ಸೇರಿಸ್ಬೇಕು ಅಂತ. ಆದ್ರೆ ಬರೀ ಬರೆದು ತೋರ್ಸಿದ್ರೆ ಸಾಲಲ್ಲ. ಬದುಕಿರೋದನ್ನ ಕೊಡ್ಬೇಕು. ಮನೇಲೊಂದು ಇದೆಯಲ್ಲ, ಅದೇ ಈಗ ಉಳಿದಿರೋದು."

ಜಲಜಮ್ಮನ ಮುಖ ಅರಳಿದ್ದನ್ನು ಕೃಷ್ಣಸ್ವಾಮಿ ನೋಡಿದ. ಮಗಳು ಕಾಯಿಲೆ ಬಿದ್ದ ಮೇಲೆ ಆ ಮುಖವನ್ನು ಅವನು ಕಂಡಿರಲಿಲ್ಲ.

"ಹೆಸರಿಡ್ತಾರಾ? ನಮ್ಮ ರಂಜನಾ ಹೆಸರು?"

"ಹೂಂ ಆಂಟಿ."

"ಇರು, ತರ್ತೀನಿ."

ಅವಳು ಬಚ್ಚಲ ಕಡೆಗೆ ಹೋದಳು. ಚಿನ್ಮಯಿ ಒಂದು ಸಲ ಅಡುಗೆಮನೆಯ ಫ್ರಿಜ್ಜಿನ ಕಡೆ ನೋಡಿ, ಮತ್ತೆ ಬಚ್ಚಲ ಕಡೆ ಹೋಗುತ್ತಿದ್ದವಳ ಬೆನ್ನು ನೋಡಿದಳು. ಜಲಜಮ್ಮ ಹಿತ್ತಾಳೆ ಚೊಂಬನ್ನು ಬಟ್ಟೆಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟಳು. ಬುಡ್ಡಿ ತೆಗೆದು ಸೆರಗಿನಲ್ಲಿ ಒರೆಸಿ ಹುಡುಗಿಯ ಅಂಗೈಗಿಟ್ಟಳು.

"ಹೆಂಗಿದೆ ನೋಡು. ಎಷ್ಟು ಬಣ್ಣ ಬಂದಿದೆ."

ಗುಲಾಬಿ ಬಣ್ಣ ಈಗ ಗಾಢವಾಗಿತ್ತು. ಚಿನ್ಮಯಿ ಬುಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಲಿಲ್ಲ. ಅಂಗೈಯಲ್ಲೇ ನೋಡುತ್ತಿದ್ದಳು.

"ಬೆಚ್ಚಗೆ ಇಟ್ಟಿದ್ರಾ ಆಂಟಿ?"

"ಒಂದು ದಿನಾನೂ ಆರೋಕೆ ಬಿಟ್ಟಿಲ್ಲ. ಅವಳಿಗೆ ಮಾಡ್ದಂಗೇ ಮಾಡಿದೀನಿ. ಕೇಳು ಬೇಕಾದ್ರೆ ಇವರನ್ನ."

ಕೃಷ್ಣಸ್ವಾಮಿ ಎದ್ದು ಗೇಟಿನ ಕಡೆ ಹೊರಟ. ಚಿನ್ಮಯಿ ಬುಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, "ಬರ್ತೀನಿ ಆಂಟಿ," ಎಂದು ಬಗ್ಗಿ ಕಾಲು ಮುಟ್ಟಿ ಹೊರಗೆ ಬಂದಳು. ಸ್ಕೂಟಿಯ ಬಳಿ ನಿಂತು ತಗ್ಗಿದ ದನಿಯಲ್ಲಿ ಮಾತಾಡಿದಳು.

"ಅಂಕಲ್, ಅದಕ್ಕೆ ಒಂದು ಬಣ್ಣ ಹಾಕಿರ್ತೀವಿ. ಗಾಳಿ ಇಲ್ದಿದ್ರೆ ನೀರಿನ ಥರ ಇರತ್ತೆ. ಗಾಳಿ ಹೊಕ್ಕರೆ ಗುಲಾಬಿ ಆಗತ್ತೆ. ದಿನಾ ಕಾದು ಆರಿ, ಕಾದು ಆರಿ ರಬ್ಬರ್ ಸಡಿಲ ಆಗಿದೆ."

"ಗಾಳಿ ಒಂದೇನಾ?"

"ತಣ್ಣಗಿದ್ರೆ ಗಾಳಿ ಹೊಕ್ಕಿದ್ರೂ ತಡ್ಕೋತಿದ್ವು. ಬಿಸೀಲಿ ಗಾಳಿ ವಿಷ ಅವಕ್ಕೆ. ಮತ್ತೆ ಒಲೆ ಪಕ್ಕದ ಬಿಸಿ ಅವಕ್ಕೆ ಅರ್ಧಂಬರ್ಧ. ಬೆಳೆಯೋಕೂ ಸಾಲಲ್ಲ, ಮಲಗೋಕೂ ಬಿಡಲ್ಲ. ಎಚ್ಚರ ಇದ್ದು, ಇದ್ದಿದ್ದೆಲ್ಲ ತಿಂದು ಮುಗ್ಸಿ…" ಅವಳು ನಿಲ್ಲಿಸಿದಳು. "ರಂಜನಾ ನಿಮ್ಗೆ ಹೇಳಿರ್ಲಿಲ್ವಾ ಅಂಕಲ್?"

"ಹೇಳಿದ್ಲು."

ಚಿನ್ಮಯಿ ಅವನನ್ನು ನೋಡಿದಳು. ಹೆಲ್ಮೆಟ್ ಹಾಕಿಕೊಂಡು, "ಪ್ರಯತ್ನ ಮಾಡ್ತೀನಿ. ಎಲ್ಲೋ ಒಂದು ಉಳಿದಿದ್ರೂ ಸಾಕು," ಎಂದು ಹೊರಟಳು.

ಆ ವಾರ ಮನೆಯಲ್ಲಿ ಹಬ್ಬದ ಕಳೆ ಇತ್ತು. ಜಲಜಮ್ಮ ರಂಜನಾಳ ರೂಮಿನ ಬಾಗಿಲು ತೆಗೆದು ಗುಡಿಸಿದಳು. ಬಟ್ಟೆಗಳನ್ನು ಬಿಸಿಲಿಗೆ ಹಾಕಿದಳು. ಅಮೃತಮ್ಮನ ಮುಂದೆ ಹೇಳಿದ್ದನ್ನೇ ಹೇಳಿದಳು.

"ಪ್ರಪಂಚದಲ್ಲೆಲ್ಲ ಅವಳ ಹೆಸರಲ್ಲೇ ಕರೀತಾರಂತೆ ಕಣೆ."

"ಹೆಸರಿಡೂದಂದ್ರ ಸುಮ್ನ ಆಗೂದಿಲ್ರೀ ಅಕ್ಕಾರ. ತೊಟ್ಲಾ ಕಟ್ಟಿ, ಗುಗ್ಗರಿ ಹಂಚಬೇಕಾಕ್ಕೈತಿ. ನನ್ನ ಕರೀಲಿಲ್ಲಂದ್ರ ನೋಡ್ರಿ ಮತ್ತ, ಬಾಡಿಗಿ ಕೊಡೂದಿಲ್ಲ!"

"ಕೊಡ್ಬೇಡ ಹೋಗೆ. ಗುಗ್ಗರಿ ನೀನೇ ಬೇಯಿಸು."

ಕೃಷ್ಣಸ್ವಾಮಿ ಇದನ್ನೆಲ್ಲ ಕೇಳಿಸಿಕೊಂಡು ಅಂಗಳದಲ್ಲಿ ಕೂತಿರುತ್ತಿದ್ದ. ಒಂದು ಉಳಿದಿದ್ದರೂ ಸಾಕು ಎಂದಳಲ್ಲ ಹುಡುಗಿ. ಕಣ್ಣಿಗೆ ಕಾಣದಷ್ಟು ಸಣ್ಣದು, ಅಷ್ಟು ಬುಡ್ಡಿ ನೀರಿನಲ್ಲಿ ಯಾವ ಮೂಲೆಯಲ್ಲೋ ಒಂದು. ದೇವರಿಗೆ ಕೈ ಮುಗಿಯುವಾಗಲೂ ಅವನ ಬಾಯಲ್ಲಿ ಅದೇ ಬರುತ್ತಿತ್ತು.

ಚಿನ್ಮಯಿ ಫೋನಿನಲ್ಲಿ ಹೇಳಲಿಲ್ಲ. ಬಿಡುವಾದಾಗ ಲ್ಯಾಬಿಗೆ ಬನ್ನಿ ಅಂಕಲ್ ಎಂದಳು. ಅವನು ಬಸ್ಸು ಹಿಡಿದ. ಕೆ.ಆರ್. ಪುರದ ಹೊಸ ತೂಗುಸೇತುವೆಯ ಹತ್ತಿರ ಜಾಮಾಗಿ ಬಸ್ಸು ಬಹಳ ಹೊತ್ತು ನಿಂತಿತು. ದೊಮ್ಮಲೂರಿನಲ್ಲಿ ಇಳಿದು ವಿಳಾಸ ಕೇಳಿಕೊಂಡು ಹೋದ. ಹೊಸ ಬಣ್ಣದ ವಾಸನೆಯ ರೂಮು. ಅದರೊಳಗೆ ಮಗಳ ಬಟ್ಟೆಯ ಆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿದಾಗ ಅವನು ಬಾಗಿಲಲ್ಲೇ ನಿಂತುಬಿಟ್ಟ.

ಚಿನ್ಮಯಿ ಒಂದು ಬಿಸಿ ಪೆಟ್ಟಿಗೆಯ ಮುಚ್ಚಳ ತೆಗೆದು, ಮನೆಯ ಬುಡ್ಡಿಯಿಂದ ಚೂರು ತೆಗೆದು ಹಾಕಿದ್ದ ಹೊಸ ಬುಡ್ಡಿಯೊಂದನ್ನು ಇಕ್ಕಳದಿಂದ ಎತ್ತಿ ತೋರಿಸಿದಳು.

"ಬೆಳೆದಿದ್ರೆ ಅಕ್ಕಿ ತೊಳೆದ ನೀರಿನ ಥರ ಮಬ್ಬಾಗ್ಬೇಕಿತ್ತು ಅಂಕಲ್. ಬೇರೆ ಬೇರೆ ಆಹಾರ ಹಾಕಿ ನೋಡ್ದೆ. ಬಿಸಿ ಹೆಚ್ಚುಕಮ್ಮಿ ಮಾಡಿ ನೋಡ್ದೆ. ಕಾದೆ."

ಬುಡ್ಡಿಯೊಳಗಿನ ನೀರು ತಿಳಿಯಾಗಿತ್ತು. ಆಚೆ ಬದಿಯ ಕಿಟಕಿ, ಕಿಟಕಿಯ ಸರಳು ಅದರೊಳಗಿಂದ ಚೆನ್ನಾಗಿ ಕಾಣುತ್ತಿದ್ದವು.

"ಆಂಟಿಗೆ ನಾನು ಹೇಳ್ಲಾ? ಬುಡ್ಡಿ ಮೊದಲೇ ಕೆಟ್ಟಿತ್ತು, ನಾನೇ ಸರಿಯಾಗಿ ಮುಚ್ಚಿರ್ಲಿಲ್ಲ ಅಂದ್ರಾಯ್ತು. ನನ್ನ ಮೇಲೆ ಬಂದ್ರೆ ಪರವಾಗಿಲ್ಲ."

"ಬೇಡಮ್ಮ. ನಾನು ಹೇಳ್ತೀನಿ."

ಬುಡ್ಡಿ ಮೊದಲೇ ಕೆಟ್ಟಿತ್ತು ಎಂಬ ಮಾತನ್ನು ಬಸ್ಸಿನಲ್ಲಿ ಕೂತು ಅವನು ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡ. ಕಷ್ಟದ ಮಾತೇನಲ್ಲ.

ಜಲಜಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಅವನು ಚಪ್ಪಲಿ ಬಿಡುವಾಗಲೇ ಮುಖ ನೋಡಿದಳು. ಕೈ ನಿಂತಿತು.

"ಏಳ್ಲಿಲ್ವಾ?"

"ಇಲ್ಲ."

ಅವಳು ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದಳು. ಆಮೇಲೆ ಕೇಳಿದಳು, ಹುಳು ಸಾಕುವ ಮನೆಯವರು ತಟ್ಟೆಯಲ್ಲಿ ಹುಳು ಸತ್ತಾಗ ಕೇಳುವ ಹಾಗೆ, ನಿಧಾನವಾಗಿ: "ಬಿಸಿ ಹೆಚ್ಚಾಯ್ತಾ, ಕಮ್ಮಿ ಆಯ್ತಾ?"

ರೂಢಿ ಮಾಡಿಕೊಂಡಿದ್ದ ಮಾತು ಅವನ ಬಾಯಿಗೆ ಬರಲಿಲ್ಲ. ಕೆಲಸ ಬಲ್ಲವಳು ಕೆಲಸ ಬಲ್ಲವರನ್ನು ಕೇಳುವ ಪ್ರಶ್ನೆ ಅದು.

"ಬಿಸಿ ಬೇಕಾಗಿರ್ಲಿಲ್ಲ ಜಲಜಾ. ತಣ್ಣಗಿದ್ರೆ ಉಳೀತಿತ್ತು."

"ಆ ಹುಡುಗಿ ಹೇಳಿದ್ಲಾ?"

"ಹೂಂ. ಅದಕ್ಕೆ ಮುಂಚೆ ರಂಜನಾ ಹೇಳಿದ್ಲು. ನನಗೆ. ಫ್ರಿಜ್ಜಿಂದ ತೆಗೀಬಾರ್ದು ಅಂತ."

ಕಾಳು ತುಂಬಿದ ಮೊರ ಅವಳ ತೊಡೆಯ ಮೇಲಿತ್ತು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

"ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ದಿನಾ ಅದನ್ನ ಕಾಯಿಸ್ತಿದ್ದಾಗ ನೋಡ್ಕೊಂಡು ಕೂತಿದ್ರಿ."

"ನೀನು ಎದ್ದಿದ್ದೆ," ಎಂದ ಅವನು. "ಅವತ್ತು ಅದನ್ನ ಕೈಗೆ ತಗೊಂಡು ಎದ್ದೆ. ಒಲೆ ಹಚ್ದೆ, ಸ್ನಾನ ಮಾಡ್ದೆ. ನಂಗೆ ಅಷ್ಟೇ ಕಾಣಿಸ್ತು. ಹೇಳೋಕೆ ಬಾಯಿ ಬರ್ಲಿಲ್ಲ."

"ನನ್ನನ್ನ ಉಳಿಸ್ಕೊಂಡು ಏನ್ರೀ ಮಾಡ್ತೀರಿ?" ಎಂದಳು ಜಲಜಮ್ಮ. ಬೈಗುಳದ ದನಿಯಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. "ಅವಳದು ಅಂತ ಇದ್ದಿದ್ದು ಅದೊಂದು."

ಅವನು ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತ. ಅವಳೇ ಕೇಳಿದಳು.

"ಇನ್ನೇನು ಹೇಳಿದ್ಲು ನಿಮ್ ಹತ್ರ? ನಂಗೆ ಹೇಳ್ದೇ ಇರೋದು?"

"ಇನ್ನೇನಿಲ್ಲ."

"ನೆನಪು ಮಾಡ್ಕೊಳ್ಳಿ. ಏನಾದ್ರೂ ಇರತ್ತೆ."

ಅವನು ನೆನಪು ಮಾಡಿಕೊಂಡ. ಹಡಗಿನಲ್ಲಿ ಮೊದಲ ವಾರವೆಲ್ಲ ವಾಂತಿ ಮಾಡಿಕೊಂಡಿದ್ದನ್ನು ಅಮ್ಮನಿಗೆ ಹೇಳಬೇಡ ಎಂದಿದ್ದು. ಕೂದಲು ಉದುರಿದ ಮೇಲೆ ಕನ್ನಡಿ ನೋಡಿ, ಅಜ್ಜನ ಥರ ಕಾಣ್ತೀನಿ ಎಂದಿದ್ದು. ಒಂದೊಂದನ್ನೇ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಅವನು ನಿಲ್ಲಿಸಿದಾಗಲೆಲ್ಲ "ಇನ್ನು?" ಎಂದಳು.

"ಆಸ್ಪತ್ರೇಲಿ ಒಂದ್ಸಲ ಹುರುಳಿ ಸಾರು ಕೇಳಿದ್ಲು. ಅಮ್ಮಂಗೆ ಮಾಡ್ಕೊಂಡು ಬರೋಕೆ ಹೇಳು, ಬಿಸಿ ಬಿಸಿ ಅಂತ. ಗಾಜಿನ ರೂಮಿಗೆ ಹೋಗೋ ಹಿಂದಿನ ದಿನ. ರಕ್ತಕ್ಕೆ ಓಡಾಡ್ತಿದ್ದೆ ನೋಡು ಅವತ್ತು, ನಿನಗೆ ಹೇಳೋದು ಮರೆತೋಯ್ತು."

ಜಲಜಮ್ಮ ಕಣ್ಣು ತೆರೆದಳು.

"ಸಾರು ಕೇಳಿದ್ಲಾ?"

"ಹೂಂ."

"ಹುರುಳಿ ಮನೇಲೇ ಇತ್ತಲ್ರೀ." ಅವಳು ಅಡುಗೆಮನೆಯ ಕಡೆ ತಿರುಗಿದಳು. "ನಾನು ಮಾಡ್ಕೊಡ್ತಿದ್ನಲ್ರೀ. ಎಷ್ಟು ಹೊತ್ತಿನ ಕೆಲಸ ಅದು. ಮಾಡ್ಕೊಡ್ತಿದ್ನಲ್ರೀ…"

ಮೊರ ಜಾರಿ ಕಾಳೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಕಾರ್ತಿಕದಿಂದ ಗಂಟಲಲ್ಲೇ ಕೂತಿದ್ದ ಅಳು ದನಿಯೆತ್ತಿ ಹೊರಗೆ ಬಂತು. ಹಿಂದಿನ ರೂಮಿನಿಂದ ಅಮೃತಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು, ಮನೆಯ ಮೂಲೆಯಲ್ಲಿ ನಿಂತಳು. ಕೃಷ್ಣಸ್ವಾಮಿ ಹೆಂಡತಿಯ ಬೆನ್ನ ಮೇಲೆ ಕೈ ಇಡಲು ಹೋದವನು ಇಡದೆ ಹಿಂದಕ್ಕೆ ತೆಗೆದುಕೊಂಡ. ಬಗ್ಗಿ, ಮೆಟ್ಟಿಲ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದ.